ಗುರಿ ಮುಂದೆ, ಪ್ರೇರಣೆ ಹಿಂದೆ



ಜಪಾನಿನ ಮಾಂಗಾ ಪುಸ್ತಕಗಳೂ ಅನಿಮೆ ಚಿತ್ರಗಳೂ ಇಂದು ನಮ್ಮ ಮನೆಗಳ ಮಕ್ಕಳ ದಿನಚರಿಯ ಭಾಗವೇ ಆಗಿಹೋಗಿವೆ. ಮಾಂಗಾ ಎಂದರೆ ಬಲದಿಂದ ಎಡಕ್ಕೆ ಓದಿಕೊಂಡು ಹೋಗುವ ಚಿತ್ರಕಥೆ. ಅನಿಮೆ ಎಂದರೆ ಅಂಥ ಕಥೆಗಳು ಪರದೆಯ ಮೇಲೆ ಚಲಿಸುವ ರೂಪ. ಇವುಗಳ ಬಗೆಗೆ ಹಿರಿಯರಾದ ನಮ್ಮಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಇದೆಲ್ಲ ಬರಿಯ ಹೊಡೆದಾಟ, ಕಾಲಹರಣ ಎಂಬುದು ಮೊದಲನೆಯದು. ಎರಡನೆಯದು ಸ್ವಲ್ಪ ಉದಾರಿಗಳಾದವರದು: ಈ ಕಥೆಗಳ ನಾಯಕರು ದೊಡ್ಡ ಗುರಿಯನ್ನಿಟ್ಟುಕೊಂಡು, ಹಿಡಿದ ಹಟ ಬಿಡದೆ ಸಾಧಿಸುತ್ತಾರೆ, ಆದ್ದರಿಂದ ಮಕ್ಕಳಿಗೆ ಇದೂ ಒಂದು ಒಳ್ಳೆಯ ಪಾಠವೇ ಎಂಬುದು. ಈ ಎರಡೂ ಅಭಿಪ್ರಾಯಗಳು ಕಥೆಯ ಹೊರಮೈಯನ್ನಷ್ಟೇ ಮುಟ್ಟಿ ಹಿಂದಿರುಗುತ್ತವೆ ಎಂದು ನನಗನ್ನಿಸುತ್ತದೆ. ನಿಮ್ಮಲ್ಲಿ ಹಲವರು ಈಗ ಸ್ವತಃ ತಂದೆತಾಯಿಗಳಾಗಿದ್ದೀರಿ, ಕೆಲವರು ಅಧ್ಯಾಪಕರೂ ಆಗಿದ್ದೀರಿ. ಆದ್ದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿತು.

ಬಿ.ಎಡ್. ತರಗತಿಯಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದಿದವರಿಗೆ ‘ಅಭಿಪ್ರೇರಣೆ’ ಎಂಬ ಅಧ್ಯಾಯ ನೆನಪಿರುತ್ತದೆ. ಬಹುಮಾನ, ಶಿಕ್ಷೆ, ಅಂಕ ಮೊದಲಾದ ಬಾಹ್ಯ ಪ್ರೇರಣೆಗಳು ಒಂದು ಕಡೆ. ಕುತೂಹಲ, ಆಸಕ್ತಿ, ಆತ್ಮತೃಪ್ತಿಯಂಥ ಆಂತರಿಕ ಪ್ರೇರಣೆಗಳು ಇನ್ನೊಂದು ಕಡೆ. ಪರೀಕ್ಷೆಗೆ ಇಷ್ಟು ವಿಂಗಡಣೆ ಸಾಕು. ಆದರೆ ತರಗತಿಯಲ್ಲಿ ಹಲವು ದಶಕ ಕಳೆದವರಿಗೆ ಅದಕ್ಕಿಂತ ಮುಖ್ಯವಾದ ಬೇರೊಂದು ವ್ಯತ್ಯಾಸ ಕಾಣಿಸುತ್ತದೆ. ಗುರಿಯೇ ಬೇರೆ, ಪ್ರೇರಣೆಯೇ ಬೇರೆ. ಗುರಿ ಮುಂದಿರುತ್ತದೆ, ಎಲ್ಲರಿಗೂ ಕಾಣುತ್ತದೆ, ಯಾರಾದರೂ ಕೇಳಿದರೆ ಹೇಳಲೂ ಬರುತ್ತದೆ. ಪ್ರೇರಣೆ ಬೆನ್ನ ಹಿಂದಿರುತ್ತದೆ. ಹೊರಗಿನವರಿಗಿರಲಿ, ಎಷ್ಟೋ ಸಲ ಸ್ವತಃ ಆ ವ್ಯಕ್ತಿಗೇ ಅದು ಕಾಣುವುದಿಲ್ಲ. ಬಿಲ್ಲುಗಾರನ ಕಣ್ಣು ಮುಂದಿನ ಗುರಿಯ ಮೇಲೆ ನೆಟ್ಟಿರುತ್ತದೆ ನಿಜ. ಬಾಣವನ್ನು ಹಾರಿಸುವುದು ಮಾತ್ರ ಹಿಂದಕ್ಕೆ ಎಳೆದ ಹೆದೆ. ಜಪಾನಿನ ಈ ಕಥೆಗಳಲ್ಲಿ ಉತ್ತಮವಾದವುಗಳು ಆ ಹೆದೆಯ ಕಥೆಗಳು ಎಂಬುದೇ ನನ್ನ ವಾದ.

ಹಾಗಾದರೆ ನಾಯಕ ಮೊದಲ ಕಂತಿನಲ್ಲೇ ಎದೆತಟ್ಟಿ ತನ್ನ ಗುರಿಯನ್ನು ಘೋಷಿಸುವುದೇಕೆ? ಅದಕ್ಕೆ ಪ್ರಕಟಣೆಯ ವ್ಯವಸ್ಥೆಯೇ ಒಂದು ಕಾರಣ. ಹುಡುಗರಿಗಾಗಿ ಬರುವ ಮಾಂಗಾಗಳಿಗೆ ‘ಶೋನೆನ್’ ಎಂದು ಹೆಸರು. ಅವುಗಳ ಪತ್ರಿಕೆಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಶೋನೆನ್ ಜಂಪ್’ 1968ರಲ್ಲಿ ಆರಂಭವಾಯಿತು. 1995ರ ಆರಂಭದಲ್ಲಿ ಅದರ ಒಂದು ಸಂಚಿಕೆ 65 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಅಚ್ಚಾಗಿತ್ತು. ಗೆಳೆತನ, ಪರಿಶ್ರಮ, ವಿಜಯ ಎಂಬ ಮೂರು ಪದಗಳು ಆ ಪತ್ರಿಕೆಯ ಮೂಲಮಂತ್ರ. ಪತ್ರಿಕೆಯೊಡನೆ ಬರುವ ಅಂಚೆಕಾರ್ಡಿನಲ್ಲಿ ಓದುಗರು ತಮಗೆ ಮೆಚ್ಚಿಗೆಯಾದ ಕಥೆಗಳನ್ನು ಗುರುತಿಸಿ ಕಳುಹಿಸುವ ಪದ್ಧತಿ ಬೆಳೆದು ಬಂದಿತು. ಹಿಂದೆ ಬಿದ್ದ ಧಾರಾವಾಹಿ ಕೆಲವೇ ವಾರಗಳಲ್ಲಿ ನಿಂತುಹೋಗಬಹುದು. ವಾರಕ್ಕೆ ಇಪ್ಪತ್ತು ಪುಟಗಳೊಳಗೆ ಓದುಗನನ್ನು ಹಿಡಿದು ನಿಲ್ಲಿಸಬೇಕಾದ ಲೇಖಕ, ನಾಯಕನಿಗೆ ಏನು ಬೇಕು ಎಂಬುದನ್ನು ಮೊದಲ ದಿನವೇ ಹೇಳಿಬಿಡುವುದು ಅನಿವಾರ್ಯ. ಹೀಗಾಗಿ ಆ ಘೋಷಣೆ ಅಂಗಡಿಯ ಮುಂದಿನ ಫಲಕವಿದ್ದಂತೆ. ಫಲಕ ಓದಿ ಒಳಗಿನ ಸರಕನ್ನು ಅಳೆಯಲಾಗದು.

ಒಂದು ಉದಾಹರಣೆ ನೋಡೋಣ. ಎಇಚಿರೊ ಓದಾ ಅವರ ‘ಒನ್ ಪೀಸ್’ 1997ರಲ್ಲಿ ಆರಂಭವಾಗಿ ನೂರಕ್ಕೂ ಹೆಚ್ಚು ಸಂಪುಟಗಳಾಗಿ ಬೆಳೆದ ಕಥೆ. ಲೂಫಿ ಎಂಬ ಹುಡುಗ ಕಡಲ್ಗಳ್ಳರ ರಾಜನಾಗಲು ಹೊರಡುತ್ತಾನೆ. ಫಲಕ ಇಷ್ಟೇ. ಆದರೆ ಅವನ ತಲೆಯ ಮೇಲೆ ಸದಾ ಒಂದು ಹುಲ್ಲಿನ ಟೋಪಿ ಇರುತ್ತದೆ. ಅದು ಅವನದಲ್ಲ. ಅವನು ಬಾಲಕನಾಗಿದ್ದಾಗ ಕಡಲಪ್ರಾಣಿಯ ಬಾಯಿಗೆ ಬೀಳಲಿದ್ದವನನ್ನು ಶಾಂಕ್ಸ್ ಎಂಬ ಕಡಲ್ಗಳ್ಳ ತನ್ನ ಒಂದು ತೋಳನ್ನೇ ಕಳೆದುಕೊಂಡು ಉಳಿಸಿದ. ಊರು ಬಿಟ್ಟು ಹೋಗುವಾಗ ತನ್ನ ಪ್ರೀತಿಯ ಟೋಪಿಯನ್ನು ಹುಡುಗನ ತಲೆಗಿಟ್ಟು, ದೊಡ್ಡವನಾದ ಮೇಲೆ ತಂದು ಹಿಂದಿರುಗಿಸಬೇಕೆಂದು ಹೇಳಿ ಹೋದ. ತೋಳು ಹೋದುದಕ್ಕೆ ಆತ ಒಂದು ದೂರಿನ ಮಾತನ್ನೂ ಆಡಲಿಲ್ಲ. ಸಿಂಹಾಸನದ ಆಸೆಯೊಂದೇ ಲೂಫಿಯ ಬೆನ್ನಿಗಿದ್ದಿದ್ದರೆ ಇಷ್ಟು ದೀರ್ಘವಾದ ಪಯಣವನ್ನು ಓದುಗರು ಇಷ್ಟು ವರ್ಷ ಸಹಿಸುತ್ತಿದ್ದರೆ? ಅವನು ಹೊತ್ತು ನಡೆಯುತ್ತಿರುವುದು ಒಂದು ಋಣವನ್ನು, ಒಂದು ಮಾತನ್ನು.

ಮಸಾಶಿ ಕಿಶಿಮೊಟೊ ಅವರ ‘ನರುಟೊ’ (1999–2014) ಅಧ್ಯಾಪಕರಾದ ನಮಗೆ ಇನ್ನೂ ಹತ್ತಿರದ ಕಥೆ. ಅನಾಥ ಹುಡುಗ ನರುಟೊ. ಅವನು ಹುಟ್ಟಿದ ರಾತ್ರಿ ಊರನ್ನು ಹಾಳುಗೆಡವಿದ ಒಂಬತ್ತು ಬಾಲದ ನರಿಯನ್ನು ಅವನ ಒಡಲಲ್ಲೇ ಬಂಧಿಸಿಡಲಾಗಿದೆ. ಈ ಸಂಗತಿ ಅವನಿಗೆ ತಿಳಿಯದು. ಊರಿನ ಹಿರಿಯರೆಲ್ಲ ತನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆಂಬುದಷ್ಟೇ ತಿಳಿದಿದೆ. ತಾನು ಆ ಊರಿನ ಮುಖ್ಯಸ್ಥನಾಗಬೇಕೆಂಬುದು ಅವನ ಘೋಷಿತ ಗುರಿ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣನಾಗುವ, ಗೋಡೆಗಳಿಗೆ ಬಣ್ಣ ಬಳಿದು ಕಿಡಿಗೇಡಿತನ ಮಾಡುವ ಈ ಹುಡುಗನನ್ನು ನಾವೆಲ್ಲ ಕೊನೆಯ ಬೆಂಚಿನಲ್ಲಿ ಕಂಡವರೇ. ಅವನ ಮೇಷ್ಟ್ರು ಇರುಕ. ಇರುಕನ ತಂದೆತಾಯಿ ಸತ್ತದ್ದು ಅದೇ ನರಿಯ ದಾಳಿಯಲ್ಲಿ. ಆ ಹುಡುಗನನ್ನು ದ್ವೇಷಿಸಲು ಊರಿನಲ್ಲಿ ಯಾರಿಗಾದರೂ ಕಾರಣವಿದ್ದರೆ ಈ ಮೇಷ್ಟ್ರಿಗಿತ್ತು. ಆದರೂ ಹುಡುಗನ ಮೇಲೆ ಎರಗಿಬಂದ ಆಯುಧಕ್ಕೆ ಆತ ತನ್ನ ಬೆನ್ನೊಡ್ಡುತ್ತಾನೆ. ಬಳಿಕ ತನ್ನ ಹಣೆಪಟ್ಟಿಯನ್ನೇ ಬಿಚ್ಚಿ ಶಿಷ್ಯನ ಹಣೆಗೆ ಕಟ್ಟುತ್ತಾನೆ. ಆ ಹಣೆಪಟ್ಟಿ ಉತ್ತೀರ್ಣನಾದುದರ ಗುರುತು. ಎಪ್ಪತ್ತೆರಡು ಸಂಪುಟಗಳ ಕಥೆಯ ಬೀಜ ಈ ಮೊದಲ ಅಧ್ಯಾಯದಲ್ಲೇ ಇದೆ. ಮುಖ್ಯಸ್ಥನಾಗುವುದು ಗುರಿ, ಒಬ್ಬನಾದರೂ ತನ್ನನ್ನು ಮನುಷ್ಯನೆಂದು ಕಂಡನಲ್ಲ ಎಂಬುದು ಪ್ರೇರಣೆ.

ಈ ಭಾವಕ್ಕೆ ಜಪಾನೀಯರಲ್ಲಿ ಒಂದು ಹಳೆಯ ಪದವಿದೆ: ‘ಓನ್’. ಪಡೆದ ಉಪಕಾರ, ಅದರಿಂದ ಹುಟ್ಟುವ ಹೊಣೆ, ಎರಡೂ ಅರ್ಥ ಆ ಒಂದು ಪದದಲ್ಲಡಗಿವೆ. ಬೋನಿಗೆ ಸಿಕ್ಕ ಕೊಕ್ಕರೆಯನ್ನು ಬಡವನೊಬ್ಬ ಬಿಡಿಸಿದ ಜನಪದ ಕಥೆ ಆ ನಾಡಿನ ಮಕ್ಕಳಿಗೆಲ್ಲ ಪರಿಚಿತ. ಆ ಕೊಕ್ಕರೆ ಹೆಣ್ಣಿನ ರೂಪದಲ್ಲಿ ಅವನ ಮನೆಗೆ ಬಂದು, ಬಾಗಿಲು ಮುಚ್ಚಿಕೊಂಡು ತನ್ನದೇ ಗರಿಗಳನ್ನು ಕಿತ್ತು ಬೆಲೆಬಾಳುವ ಬಟ್ಟೆ ನೇಯುತ್ತದೆ. ಇಂಥ ಕಥೆ ಕೇಳಿ ಬೆಳೆದವರು ಬರೆದ ನಾಯಕರಲ್ಲಿ ಋಣದ ಎಳೆ ಇರುವುದು ಸಹಜ. ಕರ್ಣನ ಮನಸ್ಸನ್ನು ಪಂಪನಿಂದಲೂ ಕುಮಾರವ್ಯಾಸನಿಂದಲೂ ಅರಿತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿ ನಮಗೆ ಇನ್ನೊಂದು ಅನುಕೂಲವೂ ಇದೆ: ನಮ್ಮಲ್ಲಿ ‘ಋಣ’ ಎಂಬ ಪದದ ಪಕ್ಕದಲ್ಲೇ ‘ಹಂಗು’ ಎಂಬ ಪದವಿದೆ. ಕೊಟ್ಟವನು ಕೊಟ್ಟು ಮರೆತರೆ ಪಡೆದವನಲ್ಲಿ ಉಳಿಯುವುದು ಋಣ. ಕೊಟ್ಟವನು ಕೊಟ್ಟದ್ದನ್ನು ಎಣಿಸುತ್ತಲೇ ಇದ್ದರೆ ಅದು ಹಂಗು. ಋಣ ಮನುಷ್ಯನನ್ನು ನಡೆಸುತ್ತದೆ, ಹಂಗು ಕಟ್ಟಿಹಾಕುತ್ತದೆ.

ಹಂಗಿನ ಕಥೆಗೂ ಜಪಾನಿನಲ್ಲಿ ಪ್ರಸಿದ್ಧವಾದ ಉದಾಹರಣೆಯಿದೆ. ಇಕ್ಕಿ ಕಾಜಿವಾರಾ ಬರೆದು ನೊಬೊರು ಕವಾಸಾಕಿ ಚಿತ್ರಿಸಿದ ‘ಕ್ಯೊಜಿನ್ ನೊ ಹೋಶಿ’ 1966ರಲ್ಲಿ ಆರಂಭವಾದ ಬೇಸ್‌ಬಾಲ್ ಕಥೆ. ತಂದೆ ಹಿಂದೊಮ್ಮೆ ಪ್ರಸಿದ್ಧ ತಂಡವೊಂದರ ಆಟಗಾರ. ಯುದ್ಧದಲ್ಲಾದ ಗಾಯದಿಂದ ಆಟ ಮುಗಿಯಿತು. ತಾನು ಮುಟ್ಟಲಾಗದ ಎತ್ತರವನ್ನು ಮಗ ಮುಟ್ಟಬೇಕೆಂದು ಎಳೆಯ ಮಗ ಹ್ಯೂಮಾನ ಮೈಗೆ ಬಲವಾದ ಸ್ಪ್ರಿಂಗುಗಳ ಕವಚವೊಂದನ್ನು ತೊಡಿಸುತ್ತಾನೆ. ತೋಳುಗಳಿಗೆ ಶಕ್ತಿ ಬರಲೆಂದು ಹುಡುಗ ಅದನ್ನು ಹೊತ್ತೇ ದಿನ ಕಳೆಯಬೇಕು. ಹ್ಯೂಮಾ ಅಸಾಧಾರಣ ಬೌಲರನಾಗುತ್ತಾನೆ, ಕೊನೆಗೆ ಅವನ ತೋಳೇ ಹಾಳಾಗುತ್ತದೆ. ಆರ್ಥಿಕವಾಗಿ ಮೇಲೇಳುತ್ತಿದ್ದ ಅಂದಿನ ಜಪಾನು ಈ ತಂದೆಮಗನ ಹಟವನ್ನು ಮೆಚ್ಚಿ ಕಣ್ಣೀರಿಟ್ಟಿತು. 2012ರ ಡಿಸೆಂಬರಿನಲ್ಲಿ ಇದೇ ಕಥೆ ಮುಂಬಯಿಯ ಕ್ರಿಕೆಟ್ ಹುಡುಗನ ಕಥೆಯಾಗಿ, ‘ಸೂರಜ್’ ಎಂಬ ಹೆಸರಿನಲ್ಲಿ ಭಾರತದ ಕಿರುತೆರೆಗೂ ಬಂದಿತು. ನಮ್ಮ ದೇಶಕ್ಕೆ ತರಲು ಅವರು ಈ ಕಥೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಿರಲಾರದು. ತಂದೆಯ ನನಸಾಗದ ಕನಸನ್ನು ಮಗನ ಮೈಗೆ ಬಿಗಿಯುವ ಪದ್ಧತಿ ನಮಗೆ ವಿವರಿಸಬೇಕಾದದ್ದಲ್ಲವಷ್ಟೆ! ನಮ್ಮ ಕವಚಗಳಿಗೆ ಸ್ಪ್ರಿಂಗು ಇರುವುದಿಲ್ಲ. ಅವು ಕೋಚಿಂಗ್ ತರಗತಿ, ರ‍್ಯಾಂಕು, ಸೀಟು ಎಂಬ ಹೆಸರುಗಳಲ್ಲಿ ಬರುತ್ತವೆ.

ಮಕ್ಕಳನ್ನು ಹೀಗೆ ತಮ್ಮ ಕೊರತೆ ತುಂಬುವ ಸಾಧನವಾಗಿ ನೋಡುವುದರ ವಿಮರ್ಶೆ ಈ ಪರಂಪರೆಯ ಮೊದಲ ಪುಟಗಳಲ್ಲೇ ಇದೆ. ಆಧುನಿಕ ಮಾಂಗಾದ ಪಿತಾಮಹರೆನಿಸಿದ ಒಸಾಮು ತೆಜುಕಾ 1952ರಲ್ಲಿ ‘ಅಣುಬಾಲ’ನ ಕಥೆಯನ್ನು ಆರಂಭಿಸಿದರು, ‘ಆಸ್ಟ್ರೊ ಬಾಯ್’ ಎಂಬ ಹೆಸರಿನಲ್ಲಿ ಜಗತ್ತು ಬಲ್ಲ ಕಥೆ ಅದು. 1963ರ ಜನವರಿ 1ರಂದು ಅದು ದೂರದರ್ಶನದ ಧಾರಾವಾಹಿಯೂ ಆಯಿತು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿ ತೆನ್ಮಾ ಅವನನ್ನೇ ಹೋಲುವ ಯಂತ್ರಬಾಲಕನನ್ನು ನಿರ್ಮಿಸುತ್ತಾನೆ. ಯಂತ್ರ ಬೆಳೆಯುವುದಿಲ್ಲ, ಸತ್ತ ಮಗನಾಗುವುದಿಲ್ಲ ಎಂದರಿವಾದಾಗ ಸಿಟ್ಟಿಗೆದ್ದು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಅವನನ್ನು ಅಲ್ಲಿಂದ ಬಿಡಿಸಿ ಪ್ರೀತಿಯಿಂದ ಸಾಕುವವನು ಬೇರೊಬ್ಬ ಪ್ರಾಧ್ಯಾಪಕ. ಅಣುಬಾಲ ಮುಂದೆ ಮನುಷ್ಯರಿಗಾಗಿ ತನ್ನನ್ನು ಪಣಕ್ಕಿಡುತ್ತಾನಲ್ಲ, ಆ ಪ್ರೇರಣೆ ಅವನಿಗೆ ಬಂದದ್ದು ತಯಾರಿಸಿದವನಿಂದಲೋ, ಸಾಕಿದವನಿಂದಲೋ? ಈ ಪ್ರಶ್ನೆಗೆ ಉತ್ತರ ಹೇಳಲು ವಿಜ್ಞಾನ ಬೇಕಾಗಿಲ್ಲ.

ಹಾಗೆಂದು ಬೆನ್ನ ಹಿಂದಿನದೆಲ್ಲ ಒಳ್ಳೆಯದೇ ಆಗಿರಬೇಕೆಂದಿಲ್ಲ. ಗಾಯವೂ ಪ್ರೇರಣೆಯೇ. ಹಜಿಮೆ ಇಸಾಯಾಮಾ ಅವರ ‘ಅಟ್ಯಾಕ್ ಆನ್ ಟೈಟನ್’ (2009–2021) ಕಥೆಯಲ್ಲಿ ಎರೆನ್ ಎಂಬ ಬಾಲಕ ತನ್ನ ತಾಯಿಯನ್ನು ದೈತ್ಯನೊಬ್ಬ ನುಂಗುವುದನ್ನು ಕಣ್ಣಾರೆ ಕಾಣುತ್ತಾನೆ. ದೈತ್ಯರನ್ನೆಲ್ಲ ನಿರ್ನಾಮ ಮಾಡುವೆನೆಂಬ ಅವನ ಪಣವನ್ನು ಓದುಗರು ಮೊದಲು ಶೌರ್ಯವೆಂದೇ ಮೆಚ್ಚುತ್ತಾರೆ. ಸೇಡು ಬೆಳೆಯುತ್ತ ಹೋಗಿ, ಕೊನೆಗೆ ಅದೇ ಹುಡುಗ ಮನುಷ್ಯಕುಲದ ಬಹುಪಾಲನ್ನು ತುಳಿದು ಕೊಲ್ಲಲು ಹೊರಡುತ್ತಾನೆ. ಅವನನ್ನು ತಡೆಯಲು ಅವನ ಗೆಳೆಯರೇ ಆಯುಧ ಹಿಡಿಯಬೇಕಾಗುತ್ತದೆ. ಹಟ ಬಿಡದಿರುವುದು ಸದ್ಗುಣವೆಂದು ಮಕ್ಕಳಿಗೆ ಬೋಧಿಸುವವರು ಈ ಕಥೆಯನ್ನೊಮ್ಮೆ ಓದಬೇಕು. ಎರೆನ್ ಕೊನೆಯವರೆಗೂ ಹಟ ಬಿಡಲಿಲ್ಲ. ಅವನ ದುರಂತವೇ ಅದು.

ಇದರ ಪಕ್ಕದಲ್ಲಿ ಕೊಯೊಹಾರು ಗೊತೊಗೆ ಅವರ ‘ಡೆಮನ್ ಸ್ಲೇಯರ್’ (2016–2020) ಕಥೆಯನ್ನಿಟ್ಟು ನೋಡಿ. ನಾಯಕ ತಂಜಿರೊ ಇದ್ದಿಲು ಮಾರುವ ಬಡಕುಟುಂಬದ ಹಿರಿಯ ಮಗ. ರಾಕ್ಷಸನೊಬ್ಬ ಅವನ ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಲ್ಲುತ್ತಾನೆ. ಬದುಕುಳಿದ ತಂಗಿ ನೆಜುಕೊ ತಾನೇ ರಾಕ್ಷಸಿಯಾಗುತ್ತಾಳೆ. ಗಾಯ ಎರೆನ್‌ನಷ್ಟೇ ಆಳವಾದದ್ದು. ಆದರೆ ಈತನ ಬೆನ್ನಿಗೆ ಅಂಟಿದ ಪೆಟ್ಟಿಗೆಯೊಳಗೆ ತಂಗಿ ಇದ್ದಾಳೆ. ಅವಳನ್ನು ಮತ್ತೆ ಮನುಷ್ಯಳನ್ನಾಗಿಸುವುದು ಅವನ ಕೆಲಸ. ಅದಕ್ಕಾಗಿ ರಾಕ್ಷಸರೊಡನೆ ಹೋರಾಡುತ್ತಾನೆ. ಸೋತು ಬೂದಿಯಾಗುತ್ತಿರುವ ಶತ್ರುವಿನ ಕೈ ಹಿಡಿದು ಮರುಗಲೂ ಅವನಿಗೆ ಸಾಧ್ಯವಾಗುತ್ತದೆ, ಏಕೆಂದರೆ ಪ್ರತಿ ರಾಕ್ಷಸನಲ್ಲೂ ಹಿಂದೊಬ್ಬ ಮನುಷ್ಯನಿದ್ದನೆಂಬುದನ್ನು ತಂಗಿಯ ಮುಖ ಅವನಿಗೆ ದಿನವೂ ನೆನಪಿಸುತ್ತದೆ. ಒಂದೇ ಬಗೆಯ ದುಃಖ ಒಬ್ಬನನ್ನು ಸೇಡಿಗೂ ಮತ್ತೊಬ್ಬನನ್ನು ಕರುಣೆಗೂ ಒಯ್ಯಿತು. ಕಳೆದುಹೋದವರನ್ನಷ್ಟೇ ಎಣಿಸುವವನಿಗೂ ಉಳಿದವರನ್ನು ಹೊತ್ತು ನಡೆಯುವವನಿಗೂ ಇರುವ ಅಂತರ ಇದು.

ಹಿಂದೆ ಯಾವ ಋಣವೂ ಇಲ್ಲದವನ ಕಥೆಯೇನು? ತ್ಸುಗುಮಿ ಓಬಾ ಬರೆದು ತಾಕೆಶಿ ಒಬಾತಾ ಚಿತ್ರಿಸಿದ ‘ಡೆತ್ ನೋಟ್’ (2003–2006) ಅದಕ್ಕೆ ಉತ್ತರ. ನಾಯಕ ಲೈಟ್ ದೇಶಕ್ಕೇ ಮೊದಲಿಗನೆನಿಸಿಕೊಳ್ಳುವ ವಿದ್ಯಾರ್ಥಿ, ಪೊಲೀಸ್ ಅಧಿಕಾರಿಯ ಮಗ, ಯಾವ ಕೊರತೆಯೂ ಇಲ್ಲದವನು. ಹೆಸರು ಬರೆದರೆ ಆ ವ್ಯಕ್ತಿ ಸಾಯುವಂಥ ಪುಸ್ತಕವೊಂದು ಅವನ ಕೈಗೆ ಸಿಗುತ್ತದೆ. ಅಪರಾಧಿಗಳಿಲ್ಲದ ಲೋಕವನ್ನು ಕಟ್ಟುವುದು ಅವನ ಗುರಿ. ಗುರಿ ಎಷ್ಟು ಉದಾತ್ತವಾಗಿ ಕೇಳಿಸುತ್ತದೆ ನೋಡಿ! ಬೆನ್ನ ಹಿಂದೆ ಇದ್ದದ್ದು ಬೇಸರ, ತನ್ನ ಬುದ್ಧಿಯ ಬಗೆಗಿನ ಗರ್ವ. ಆ ಪುಸ್ತಕವನ್ನು ಕೆಳಗೆ ಬೀಳಿಸಿದ ಮೃತ್ಯುದೇವತೆಯೂ ಬೇಸರ ಕಳೆಯಲೆಂದೇ ಬೀಳಿಸಿದ್ದ. ಯಾರಿಗೂ ಏನೂ ಸಲ್ಲಿಸಬೇಕಾಗಿಲ್ಲವೆಂದು ಭಾವಿಸಿದ ಬುದ್ಧಿವಂತ ಎಷ್ಟು ಅಪಾಯಕಾರಿಯಾಗಬಲ್ಲನೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಮಕ್ಕಳ ಪತ್ರಿಕೆಯ ಕಥೆಯನ್ನು ನಾನು ಬಲ್ಲವನಲ್ಲ. ಅಂಕಪಟ್ಟಿಯೊಂದನ್ನೇ ನೋಡಿ ಹುಡುಗರನ್ನು ಹೊಗಳುವ ನಾವು ಯೋಚಿಸಬೇಕಾದ ವಿಷಯವಿದು.

ಇನ್ನು, ಗುರಿಯೇ ಇಲ್ಲದ ಮಕ್ಕಳ ಬಗ್ಗೆ. ನಮ್ಮ ಮನೆಗಳಲ್ಲಿ ದೊಡ್ಡ ಆತಂಕ ಇದೇ ತಾನೆ? ಹಿರೊಮು ಅರಾಕಾವಾ ಎಂಬ ಲೇಖಕಿ ಹೊಕ್ಕೈದೊ ದ್ವೀಪದ ಹೈನುಗಾರರ ಮನೆಯಲ್ಲಿ ಬೆಳೆದು, ಕೃಷಿ ಪ್ರೌಢಶಾಲೆಯಲ್ಲಿ ಓದಿದವರು. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ (2001–2010) ಎಂಬ ಜಗತ್ಪ್ರಸಿದ್ಧ ಕಥೆಯನ್ನು ಮುಗಿಸಿದ ಮೇಲೆ ಅವರು ‘ಸಿಲ್ವರ್ ಸ್ಪೂನ್’ (2011–2019) ಬರೆದರು. ಅದರ ನಾಯಕ ಹಾಚಿಕೆನ್ ನಗರದ ಹುಡುಗ. ಅಂಕಗಳ ಪೈಪೋಟಿಯಲ್ಲಿ ಸೋತು, ಮನೆಯಿಂದ ದೂರವಿದ್ದರೆ ಸಾಕೆಂದು ವಸತಿಯಿರುವ ಕೃಷಿಶಾಲೆಗೆ ಸೇರಿದವನು. ಸಹಪಾಠಿಗಳಿಗೆಲ್ಲ ಹೊಲ, ಹಟ್ಟಿ, ಕುದುರೆ ಎಂದು ಒಂದೊಂದು ಗುರಿಯಿದೆ; ಇವನಿಗೆ ಏನೂ ಇಲ್ಲ. ಅವನು ಬಡಕಲು ಹಂದಿಮರಿಯೊಂದಕ್ಕೆ ಹೆಸರಿಟ್ಟು ಅಕ್ಕರೆಯಿಂದ ಸಾಕುತ್ತಾನೆ. ಅದು ಕಸಾಯಿಖಾನೆಗೆ ಹೋಗಲಿರುವ ಪ್ರಾಣಿಯೆಂಬುದು ಅವನಿಗೂ ಗೊತ್ತು. ಕೊನೆಗೆ ರಜೆಯಲ್ಲಿ ದುಡಿದ ಹಣದಿಂದ ತಾನೇ ಆ ಮಾಂಸವನ್ನು ಕೊಂಡು, ಕೆಡದಂತೆ ಸಂಸ್ಕರಿಸಿ, ಹಂಚಿ ತಿನ್ನುತ್ತಾನೆ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಇದು ಕಸಿವಿಸಿಯೆನಿಸಬಹುದು. ಆದರೆ ತಾನು ತಿನ್ನುವ ಅನ್ನದ ಹಿಂದೆ ಏನಿದೆಯೆಂದು ಕಣ್ಣು ತಿರುಗಿಸದೆ ನೋಡಿದ ಹುಡುಗ ಅವನು. ಎದುರಿಗಿದ್ದ ಒಂದೊಂದು ಕೆಲಸವನ್ನೂ ತಳ್ಳಿಹಾಕದೆ ಮಾಡುತ್ತ ಹೋದುದರಿಂದ ಅವನಿಗೆ ದಾರಿ ತೆರೆಯಿತು. ಗುರಿಯಿಲ್ಲದಿರುವುದು ರೋಗವಲ್ಲ.

ಹಾಗೆಯೇ, ಕ್ಷುಲ್ಲಕ ಕಾರಣದಿಂದ ಹೊರಟವನೂ ಒಳ್ಳೆಯ ಕಡೆ ಮುಟ್ಟಬಹುದು. ತಾಕೆಹಿಕೊ ಇನೊವೆ ಅವರ ‘ಸ್ಲ್ಯಾಮ್ ಡಂಕ್’ (1990–1996) ಕಥೆಯ ಸಕುರಾಗಿ ಬ್ಯಾಸ್ಕೆಟ್‌ಬಾಲ್ ಆಡಲು ಸೇರುವುದು ಒಬ್ಬ ಹುಡುಗಿಯ ಮೆಚ್ಚುಗೆ ಗಳಿಸಲು. ಚೆಂಡನ್ನು ನೆಲಕ್ಕೆ ಪುಟಿಸುವ ನೀರಸ ಅಭ್ಯಾಸದಿಂದ ಆರಂಭಿಸಿ, ಬೈಸಿಕೊಂಡು, ಬೆವರಿಳಿಸಿ, ಕೊನೆಯ ಪಂದ್ಯದಲ್ಲಿ ಬೆನ್ನಿಗೆ ಪೆಟ್ಟು ಬಿದ್ದಾಗ ಅವನಿಗೆ ತಿಳಿಯುತ್ತದೆ, ತನಗೀಗ ಆಟವೇ ಪ್ರಿಯವಾಗಿದೆಯೆಂದು. ಬಾಹ್ಯ ಪ್ರೇರಣೆ ಆಂತರಿಕವಾಗುವ ಬಗೆಯನ್ನು ನಮ್ಮ ಮನೋವಿಜ್ಞಾನದ ಪುಸ್ತಕಗಳು ಎರಡು ಸಾಲಿನಲ್ಲಿ ಹೇಳುತ್ತವೆ. ಇನೊವೆ ಮೂವತ್ತೊಂದು ಸಂಪುಟಗಳಲ್ಲಿ ತೋರಿಸುತ್ತಾರೆ. ಅವನ ತಂಡ ಆ ಪಂದ್ಯವನ್ನು ಗೆದ್ದು, ಮುಂದಿನ ಪಂದ್ಯದಲ್ಲೇ ಸೋತು ಹೊರಬೀಳುತ್ತದೆ. ವಿಜಯವನ್ನು ಮೂಲಮಂತ್ರವಾಗಿ ಸಾರುವ ಪತ್ರಿಕೆಯಲ್ಲೇ ಲೇಖಕ ಕಥೆಯನ್ನು ಹೀಗೆ ಮುಗಿಸಿದರು.

ಅದೇ ಪತ್ರಿಕೆಯಲ್ಲಿ 1973ರಲ್ಲಿ ಇನ್ನೊಂದು ಕಥೆ ಆರಂಭವಾಗಿತ್ತು, ಕೇಜಿ ನಕಾಜಾವಾ ಅವರ ‘ಬೇರ್‌ಫುಟ್ ಗೆನ್’. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ನಕಾಜಾವಾ ಆರು ವರ್ಷದ ಬಾಲಕ. ಶಾಲೆಯ ಗೇಟಿನ ಬಳಿಯ ಗೋಡೆಯ ಮರೆಯಲ್ಲಿದ್ದುದರಿಂದ ಉಳಿದರು. ತಂದೆ, ಅಕ್ಕ, ತಮ್ಮ ಸುಟ್ಟುಹೋದರು. ದೊಡ್ಡವರಾಗಿ ಚಿತ್ರಕಾರರಾದ ಮೇಲೂ ಅವರು ಬಾಂಬಿನ ಬಗ್ಗೆ ಬರೆಯಲು ಹಿಂದೇಟು ಹಾಕಿದ್ದರು. 1966ರಲ್ಲಿ ತಾಯಿ ತೀರಿಕೊಂಡಾಗ ದಹನದ ನಂತರ ಆಯ್ದುಕೊಳ್ಳಲು ಮೂಳೆಗಳೂ ಉಳಿದಿರಲಿಲ್ಲ. ಅಣುವಿಕಿರಣ ತಾಯಿಯ ಅಸ್ಥಿಗಳನ್ನೂ ಬಿಡಲಿಲ್ಲವೆಂದು ಅವರು ಕ್ರುದ್ಧರಾದರು. ಅಲ್ಲಿಂದ ಅವರ ಲೇಖನಿ ತಿರುಗಿತು. ಅವರ ನಾಯಕ ಗೆನ್‌ಗೆ ರಾಜನಾಗುವ, ಗೆಲ್ಲುವ ಯಾವ ಗುರಿಯೂ ಇಲ್ಲ. ಬದುಕುವುದು, ಬದುಕಿಸುವುದು ಇಷ್ಟೇ. ಅವನ ಬೆನ್ನ ಹಿಂದಿರುವುದು ಗೋಧಿಯ ಪೈರಿನಂತೆ ಬಾಳೆಂದು ತಂದೆ ಕಲಿಸಿದ ಪಾಠ. ಜಪಾನಿನ ರೈತರು ಚಳಿಗಾಲದಲ್ಲಿ ಗೋಧಿಯ ಎಳೆಪೈರನ್ನು ಕಾಲಿನಿಂದ ತುಳಿಯುತ್ತಾರೆ. ತುಳಿಸಿಕೊಂಡ ಪೈರು ಆಳಕ್ಕೆ ಬೇರಿಳಿಸಿ ನೆಟ್ಟಗೆ ಏಳುತ್ತದೆ. ತಂದೆ ಹೋದರು, ಆ ಪಾಠ ಮಗನಲ್ಲಿ ಉಳಿಯಿತು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ ನನ್ನ ತಕರಾರುಗಳನ್ನೂ ಹೇಳಬೇಕು. ಈ ಕಥೆಗಳು ಸರಕುಗಳೂ ಹೌದು. ಒಂದು ಕಥೆ ಗೆದ್ದರೆ ಅದರ ಅಚ್ಚಿನಲ್ಲಿ ಹತ್ತು ಕಥೆಗಳು ಬರುತ್ತವೆ. ಸತ್ತ ತಾಯಿ, ಮುರಿದ ಮನೆ, ಮಾಡಿದ ಪಣ, ಎಲ್ಲವೂ ಮಸಾಲೆಯಾಗುತ್ತವೆ. ಪತ್ರಿಕೆಗೆ ಬೇಕೆಂದು ಎಳೆದ ಕಾಳಗಗಳ ನಡುವೆ ಪ್ರೇರಣೆ ಕಳೆದೇಹೋಗುವುದುಂಟು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ರಕ್ತಸಂಬಂಧದ ವ್ಯಾಮೋಹ. ಯಾರೂ ಇಲ್ಲದ ನರುಟೊ ಕೊನೆಗೆ ಊರಿನ ಹಿಂದಿನ ಮುಖ್ಯಸ್ಥನ ಮಗನೇ ಆಗಿರುತ್ತಾನೆ. ಲೂಫಿಯ ಅಜ್ಜ, ತಂದೆ ಇಬ್ಬರೂ ಲೋಕಪ್ರಸಿದ್ಧರಾಗಿರುತ್ತಾರೆ. ಮೇಷ್ಟ್ರ ಹಣೆಪಟ್ಟಿಯಿಂದ ಎದ್ದು ನಿಂತ ಹುಡುಗನಿಗೆ ದೊಡ್ಡ ಮನೆತನವನ್ನೂ ಕೊಟ್ಟುಬಿಟ್ಟರೆ, ಯಾವ ಮನೆತನವೂ ಇಲ್ಲದೆ ಕೊನೆಯ ಬೆಂಚಿನಲ್ಲಿ ಕುಳಿತು ಈ ಕಥೆ ಓದುತ್ತಿರುವ ಹುಡುಗನಿಗೆ ಏನು ಉಳಿಯಿತು? ಲೇಖಕರು ತಾವೇ ಹಚ್ಚಿದ ದೀಪದ ಮುಂದೆ ತಾವೇ ಅಡ್ಡ ನಿಂತಂತೆ ನನಗೆ ಭಾಸವಾಗುತ್ತದೆ.

ನನ್ನ ವಯಸ್ಸಿನ ಬಂಧುಗಳಿಗೂ ಒಂದು ಕಥೆಯನ್ನು ಸೂಚಿಸಿ ಮುಗಿಸುತ್ತೇನೆ. ಕಾನೆಹಿತೊ ಯಮಾದಾ ಬರೆದು ತ್ಸುಕಾಸಾ ಅಬೆ ಚಿತ್ರಿಸಿದ ‘ಫ್ರೀರೆನ್’ 2020ರಲ್ಲಿ ಆರಂಭವಾಯಿತು. ಇತರರ ಕಥೆ ಮುಗಿಯುವಲ್ಲಿ ಇದು ಶುರುವಾಗುತ್ತದೆ. ರಾಕ್ಷಸರಾಜನ ವಧೆಯಾಗಿದೆ, ವೀರರು ಮರಳಿದ್ದಾರೆ. ಅವರಲ್ಲಿ ಫ್ರೀರೆನ್ ಎಂಬವಳು ಸಾವಿರಾರು ವರ್ಷ ಬಾಳುವ ಯಕ್ಷಿಣಿ. ಜೊತೆಗಾರರೊಡನೆ ಕಳೆದ ಹತ್ತು ವರ್ಷ ಅವಳಿಗೆ ಅರೆಗಳಿಗೆಯಿದ್ದಂತೆ. ಐವತ್ತು ವರ್ಷಗಳ ಬಳಿಕ ಮರಳಿ ಬಂದಾಗ ಗೆಳೆಯ ಹಿಮ್ಮೆಲ್ ಮುದುಕನಾಗಿದ್ದಾನೆ, ಸ್ವಲ್ಪ ಕಾಲದಲ್ಲೇ ತೀರಿಕೊಳ್ಳುತ್ತಾನೆ. ಅವನ ಅಂತ್ಯಕ್ರಿಯೆಯಲ್ಲಿ ಅವಳು ಅಳುತ್ತಾಳೆ, ಜೊತೆಯಲ್ಲಿದ್ದಾಗ ಅವನನ್ನು ಅರಿಯಲು ತಾನು ಪ್ರಯತ್ನಿಸಲೇ ಇಲ್ಲವಲ್ಲ ಎಂದು. ಮನುಷ್ಯರನ್ನು ಅರಿಯಬೇಕೆಂದು ಮತ್ತೆ ಪಯಣ ಹೊರಡುತ್ತಾಳೆ, ಈ ಸಲ ಚಿಕ್ಕ ಶಿಷ್ಯೆಯೊಬ್ಬಳನ್ನು ಜೊತೆಗಿಟ್ಟುಕೊಂಡು. ಪ್ರೇರಣೆ ಬಾಲ್ಯದಲ್ಲಿ ಮಾತ್ರ ಹುಟ್ಟುವುದಿಲ್ಲ. ಸಾವಿರ ವರ್ಷದ ನಂತರವೂ ಹುಟ್ಟಬಹುದು. ನಿವೃತ್ತರಾದ ನಮಗೆ ಅಷ್ಟು ಭರವಸೆ ಸಾಕು.

ಇನ್ನು ನಿಮಗೆ, ನನ್ನ ಶಿಷ್ಯರಿಗೆ. ನಿಮ್ಮ ಮಗನೋ ಮಗಳೋ ಈ ಪುಸ್ತಕಗಳನ್ನು ಹಿಡಿದು ಕುಳಿತಾಗ ಕಿತ್ತುಕೊಳ್ಳಬೇಡಿ. ಗುರಿ ಸಾಧಿಸುವ ಛಲ ಕಲಿಯೆಂದು ಉಪದೇಶಿಸಲೂ ಬೇಡಿ. ಆ ನಾಯಕ ಏಕೆ ಹೊರಟ, ಅವನಿಗೆ ಯಾರು ಏನು ಕೊಟ್ಟಿದ್ದರು, ಎಂದು ಕೇಳಿನೋಡಿ. ಮಕ್ಕಳು ಗಂಟೆಗಟ್ಟಲೆ ಹೇಳುತ್ತಾರೆ. ಕೇಳುತ್ತ ಹೋದಂತೆ, ಆ ಪ್ರಶ್ನೆ ಅವರಿಗಿಂತ ಹೆಚ್ಚಾಗಿ ನಮಗೇ ಸೇರಿದ್ದೆಂಬುದು ತಿಳಿಯುತ್ತದೆ. ಮುಂದೆ ಏನಾಗುವೆ ಎಂದು ಮಕ್ಕಳನ್ನು ಕೇಳುವುದು ಸುಲಭ, ಏಕೆಂದರೆ ಉತ್ತರದ ಹೊಣೆ ಅವರದು. ಅವರ ಬೆನ್ನ ಹಿಂದೆ ಏನಿದೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು. ಶಾಂಕ್ಸ್ ಟೋಪಿ ಕೊಟ್ಟು ಹೋದ. ಹ್ಯೂಮಾನ ತಂದೆ ಸ್ಪ್ರಿಂಗು ಬಿಗಿದ. ಇಬ್ಬರೂ ಆ ಹುಡುಗರನ್ನು ಪ್ರೀತಿಸುತ್ತಿದ್ದರು, ಇಬ್ಬರೂ ಅವರು ದೊಡ್ಡವರಾಗಲೆಂದೇ ಹಾರೈಸಿದರು. ಪ್ರೀತಿಯಿದ್ದರೆ ಸಾಲದು, ಕೊಟ್ಟು ಕೈ ಬಿಡಲೂ ಬರಬೇಕು.

ಎಲ್ಲರಿಗೂ ಒಳ್ಳೆಯದಾಗಲಿ.

— ನಿಮ್ಮ ಮೇಷ್ಟ್ರು